ಹಳೆ ಪಿಕಪ್ ದಾರಿಯಲ್ಲಿ ಕೈ ಕೊಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಂದು 2009ರ ಪಿಕಪ್. ಮಲ್ಪೆಯಿಂದ ಮೀನು, ಮೂಡುಬಿದಿರೆ ಕಡೆಯಿಂದ ತೆಂಗಿನಕಾಯಿ, ನಡುವೆ ಕೆಂಪುಕಲ್ಲು, ಸಿಕ್ಕಿದ್ದೆಲ್ಲ ಹೊತ್ತಿದೆ ಪಾಪ. ನಾನು ಮೆಕ್ಯಾನಿಕ್ ಅಲ್ಲ, ರಸ್ತೆ ಬದಿಯಲ್ಲಿ ನಿಂತು ನಿಂತು ಕಲಿತವ. ಗಾಡಿ ನಿಂತ್ರೆ ಪರಿಚಯದವರು ಫೋನ್ ಮಾಡಿ ಕೇಳೋದು ಸುಮಾರಾಗಿ ಇವೇ ಪ್ರಶ್ನೆಗಳು, ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಎಲ್ಲ ಡೀಸೆಲ್ ಗಾಡಿಯ ಮಾತು. "ಹಳೆ ಪಂಪಿನ ಗಾಡಿ" ಅಂದ್ರೆ ಕಂಪ್ಯೂಟರ್ ಇಲ್ಲದ್ದು, "ಸಿಆರ್‌ಡಿಐ" ಅಂದ್ರೆ ಇಸಿಯು (ಇಂಜಿನ್ನಿನ ಕಂಪ್ಯೂಟರ್), ಸೆನ್ಸರ್ ಎಲ್ಲ ಇರುವಂಥದ್ದು. ನಿಮ್ಮದು ಯಾವುದು ಅಂತ ಮೊದಲೇ ತಿಳ್ಕೊಂಡಿರಿ, ಯಾಕಂದ್ರೆ ಕೆಲವು ಕಡೆ ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ಡೇಂಜರ್.

## ನಿಂತ ಕೂಡ್ಲೆ

ಓಡ್ತಾ ಇದ್ದ ಗಾಡಿ ಒಮ್ಮೆಲೆ ಬಂದ್ ಆಯ್ತು, ಮೊದಲು ಎಂತ ನೋಡ್ಬೇಕು ಅಣ್ಣ?

ಮೊದಲು ಹಿಂದೆ ಒಂದು ರಿಫ್ಲೆಕ್ಟರ್ ಇಡಿ, ಇಲ್ಲದಿದ್ರೆ ಒಂದು ಸೊಪ್ಪಿನ ಗೆಲ್ಲಾದ್ರೂ ಹಾಕಿ, ಹೈವೇ 66ರಲ್ಲಿ ಬಸ್ಸಿನವರು ಬರುವ ಸ್ಪೀಡ್ ನಿಮಗೆ ಗೊತ್ತುಂಟಲ್ಲ. ಆಮೇಲೆ ಬಾನೆಟ್ ತೆಗೆಯುವ ಮೊದಲು ಗಾಡಿ ನಿಂತದ್ದು ಹೇಗೆ ಅಂತ ಒಂದು ನಿಮಿಷ ನೆನಪು ಮಾಡಿ. ಅರ್ಧ ಉತ್ತರ ಅಲ್ಲೇ ಉಂಟು. ಸ್ವಿಚ್ ಆಫ್ ಮಾಡಿದ ಹಾಗೆ ಟಪ್ ಅಂತ ನಿಂತ್ರೆ ಹೆಚ್ಚಾಗಿ ಕರೆಂಟಿನ ಕೇಸು: ಫ್ಯೂಸ್, ವಯರ್, ಸ್ಟಾಪ್ ಸೊಲೆನಾಯ್ಡ್ (ಕೀ ಆಫ್ ಮಾಡಿದಾಗ ಡೀಸೆಲ್ ಕಟ್ ಮಾಡುವ ಕರೆಂಟ್ ವಾಲ್ವ್), ಸಿಆರ್‌ಡಿಐ ಆದ್ರೆ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗೋದನ್ನು ಇಸಿಯುಗೆ ತಿಳಿಸುವಂಥದ್ದು). ಜರ್ಕ್ ಹೊಡೆದು ಹೊಡೆದು, ಆಕ್ಸಿಲರೇಟರ್ ಒತ್ತಿದ್ರೂ ಏರದೆ ನಿಂತ್ರೆ ಡೀಸೆಲ್ ಬರ್ತಾ ಇಲ್ಲ. ಒಳಗಿಂದ ಕಬ್ಬಿಣ ಬಡಿದ ಶಬ್ದ ಬಂದೋ, ಸ್ಟೀಮ್ ಬಂದೋ, ಆಯಿಲ್ ಲೈಟ್ ಹತ್ತಿಯೋ ನಿಂತಿದ್ರೆ ಮಾತ್ರ ಇನ್ನೊಮ್ಮೆ ಸೆಲ್ಫ್ ಹೊಡೀಲೇಬೇಡಿ. ನನ್ನ ಗಾಡಿ ದಾರಿಯಲ್ಲಿ ನಿಂತದ್ದು ಹೆಚ್ಚಿನ ಸಲವೂ ಡೀಸೆಲ್ಲಿಗೋ ಕರೆಂಟಿಗೋ ಹೊರತು ಇಂಜಿನಿಗೆ ಅಲ್ಲ. ಆದ್ರೆ ನಿಂತ ಕೂಡ್ಲೆ ನಮಗೆ ಹೆದರಿಕೆ ಆಗೋದು ಇಂಜಿನ್ ಹೋಯ್ತು ಅಂತಲೇ.

ಮತ್ತೆ ಟ್ಯಾಂಕ್ ನೋಡಿ. ನಗಬೇಡಿ, ಹಳೆ ಗಾಡಿಯ ಮುಳ್ಳು ಕಾಲು ಟ್ಯಾಂಕಿನಲ್ಲೇ ಅಂಟಿಕೊಂಡು ಕೂತಿರ್ತದೆ.

ಸೆಲ್ಫ್ ಹೊಡೆದ್ರೆ ಬರೇ ಟಕ್ ಟಕ್ ಅಂತದೆ, ಬ್ಯಾಟರಿ ಹೋಯ್ತಾ?

ಇರಬಹುದು, ಆದ್ರೆ ಅಂಗಡಿಗೆ ಓಡ್ಬೇಡಿ. ನಮ್ಮ ಕರಾವಳಿಯ ಗಾಡಿಗೆ ಬ್ಯಾಟರಿಗಿಂತ ದೊಡ್ಡ ಶತ್ರು ಉಪ್ಪು. ಗಾಳಿಯಲ್ಲೇ ಉಂಟು, ಅದರ ಮೇಲೆ ಮೀನಿನ ಐಸ್ ಕರಗಿದ ನೀರು ಡೆಕ್ಕಿನಿಂದ ಛಾಸಿಗೆ ಇಳೀತಾ ಇರ್ತದೆ. ಇಂಜಿನ್ನಿಂದ ಛಾಸಿಗೆ ಹೋಗುವ ಅರ್ತ್ ಪಟ್ಟಿ ಉಂಟಲ್ಲ, ಹೆಣೆದ ತಾಮ್ರದ್ದು, ಅದು ಒಳಗೊಳಗೆ ಹಸಿರು ಹಿಡಿದು ಪುಡಿ ಆಗ್ತದೆ, ಹೊರಗಿಂದ ಸರಿಯೇ ಕಾಣ್ತದೆ. ನಾನು ಒಮ್ಮೆ ಹೊಸ ಬ್ಯಾಟರಿ ಹಾಕಿಸಿ ಮರುದಿನ ಬೆಳಿಗ್ಗೆ ಮತ್ತೆ ಅದೇ ಟಕ್ ಟಕ್ ಕೇಳಿದವ, ಕೊನೆಗೆ ನೋಡಿದ್ರೆ ಬೋಲ್ಟ್ ತೆಗೆದ ಕೂಡ್ಲೆ ಆ ಪಟ್ಟಿ ಕೈಯಲ್ಲೇ ಎರಡು ತುಂಡಾಗಿ ಬಂತು.

ಚೆಕ್ ಮಾಡೋದು ಸುಲಭ. ಜಂಪ್ ಕೇಬಲ್‌ನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಪೈಂಟ್ ಇಲ್ಲದ ಕಬ್ಬಿಣಕ್ಕೆ ಹಿಡಿದು ಸೆಲ್ಫ್ ಹೊಡೀರಿ. ಗಟ್ಟಿ ತಿರುಗಿತು ಅಂದ್ರೆ ಕಳ್ಳ ಅರ್ತ್. ಮಲ್ಟಿಮೀಟರ್ ಇದ್ರೆ, ಗಾಡಿ ರಾತ್ರಿ ನಿಂತಿದ್ದ ಮೇಲೆ ಒಳ್ಳೆ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸ್ಬೇಕು, ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬೀಳ್ಬಾರ್ದು, ಸ್ಟಾರ್ಟ್ ಆದ ಮೇಲೆ 13.8ರಿಂದ 14.5ರ ಒಳಗೆ ಬರ್ಬೇಕು. ಸ್ಟಾರ್ಟ್ ಆದ ಮೇಲೂ ಹನ್ನೆರಡರಲ್ಲೇ ನಿಂತ್ರೆ ಡೈನಮೋ ಚಾರ್ಜ್ ಮಾಡ್ತಾ ಇಲ್ಲ.

ನೂಕಿ ಸ್ಟಾರ್ಟ್ ಮಾಡಿದ್ರೆ ಏನಾದ್ರೂ ಆಗ್ತದಾ?

ಹಳೆ ಪಂಪಿನ ಗಾಡಿಗೆ ಎಂತ ಆಗೋದಿಲ್ಲ, ಕೀ ಆನ್ ಇಟ್ಟು ಸೆಕೆಂಡ್ ಗೇರಲ್ಲಿ ಕ್ಲಚ್ ಬಿಡಿ. ಸಿಆರ್‌ಡಿಐಯಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ರೆ ನೂಕಿ ಪ್ರಯೋಜನ ಇಲ್ಲ, ಇಸಿಯುಗೆ ಕರೆಂಟ್ ಬೇಕು. ಇಳಿಜಾರಲ್ಲಿ ಬಿಡುವಾಗ ಮಾತ್ರ ನೆನಪಿರಲಿ, ಇಂಜಿನ್ ಬಂದ್ ಇರುವಾಗ ಬ್ರೇಕ್ ಪೆಡಲ್ ಒತ್ತಲಿಕ್ಕೆ ಕಲ್ಲಿನ ಹಾಗೆ ಗಟ್ಟಿ ಇರ್ತದೆ.

## ಸೆಲ್ಫ್ ತಿರುಗ್ತದೆ, ಇಂಜಿನ್ ಹಿಡೀತಿಲ್ಲ

ಸೆಲ್ಫ್ ಗಟ್ಟಿ ತಿರುಗ್ತದೆ ಆದ್ರೆ ಸ್ಟಾರ್ಟೇ ಆಗ್ತಾ ಇಲ್ಲ, ಡೀಸೆಲ್ ಫುಲ್ ಉಂಟು!

ಸೈಲೆನ್ಸರ್ ಹತ್ರ ಒಬ್ಬರನ್ನು ನಿಲ್ಲಿಸಿ ಹತ್ತು ಸೆಕೆಂಡ್ ಸೆಲ್ಫ್ ಹೊಡೀರಿ. ಹೊಗೆಯೇ ಇಲ್ಲ ಅಂದ್ರೆ ಸಿಲಿಂಡರಿಗೆ ಡೀಸೆಲ್ ಹೋಗ್ತಾ ಇಲ್ಲ. ಬಿಳಿ ಹೊಗೆ ಬರ್ತದೆ, ಹಿಡೀತಿಲ್ಲ ಅಂದ್ರೆ ಡೀಸೆಲ್ ಹೋಗ್ತಾ ಉಂಟು, ಉರೀತಾ ಇಲ್ಲ. ಆಗ ನೋಡ್ಬೇಕಾದದ್ದು ಸೆಲ್ಫ್ ಸ್ಪೀಡ್, ಹೀಟರ್ ಪ್ಲಗ್ (ಸ್ಟಾರ್ಟಿಗೆ ಮೊದಲು ಸಿಲಿಂಡರ್ ಬಿಸಿ ಮಾಡುವಂಥದ್ದು) ಇರುವ ಗಾಡಿ ಆದ್ರೆ ಅದು, ಮತ್ತೆ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಬಲ).

ಹೊಗೆ ಇಲ್ಲದ ಕೇಸಿನಲ್ಲಿ ಹಳೆ ಪಂಪಿನ ಗಾಡಿಗೆ ಮೊದಲ ಅನುಮಾನ ಸ್ಟಾಪ್ ಸೊಲೆನಾಯ್ಡ್. ಸೆಲ್ಫ್ ಹೊಡೀಬೇಡಿ, ಕೀ ಮಾತ್ರ ಆನ್ ಆಫ್ ಮಾಡಿ, ಪಂಪ್ ಹತ್ರ ಕಿವಿ ಇಟ್ರೆ ಸಣ್ಣಗೆ "ಟಕ್" ಕೇಳ್ಬೇಕು. ಇಲ್ಲದಿದ್ರೆ ಅದಕ್ಕೆ ಬರುವ ವಯರ್ ತೆಗೆದು, ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಇರುವ ಒಂದು ವಯರ್ ಎಳೆದು ಅದರ ಪಿನ್‌ಗೆ ಮುಟ್ಟಿಸಿ. ಟಕ್ ಅಂದ್ರೆ ಸೊಲೆನಾಯ್ಡ್ ಸರಿ ಉಂಟು, ವಯರಿಂಗ್ ಹೋಗಿದೆ, ಹಾಗೇ ಕಟ್ಟಿಕೊಂಡು ಮನೆ ಮುಟ್ಟಬಹುದು, ಬಂದ್ ಮಾಡ್ಲಿಕ್ಕೆ ಆ ವಯರ್ ಎಳೆದ್ರಾಯ್ತು. ಮಳೆಗಾಲದಲ್ಲಿ ಇಲಿಗಳು ಬೆಚ್ಚಗೆ ಕೂರ್ಲಿಕ್ಕೆ ಇಂಜಿನ್ ಮೇಲೆ ಬರ್ತವೆ, ಅಡಿಕೆ ಶೆಡ್ಡಿನ ಪಕ್ಕ ಗಾಡಿ ನಿಲ್ಲಿಸುವವರು ವಯರನ್ನು ಸಾಲಾಗಿ ಮುಟ್ಟಿ ನೋಡಿ. ಅಲ್ಲೆಲ್ಲ ಸರಿ ಇದ್ದು ಆಗದಿದ್ರೆ ಡೀಸೆಲ್ ಪೈಪಿಗೆ ಗಾಳಿ ಸೇರಿ ಏರ್ ಹಿಡಿದಿದೆ, ಅಥವಾ ಫಿಲ್ಟರ್ ಜಾಮ್.

ಏರ್ ಹಿಡಿದದ್ದನ್ನು ನಾವೇ ತೆಗೆಯೋದು ಹೇಗೆ?

ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಒಂದೆರಡು ಸುತ್ತು ಲೂಸ್ ಮಾಡಿ, ಹ್ಯಾಂಡ್ ಪಂಪ್ ಹೊಡೀತಾ ಇರಿ. ಮೊದಲು ಬುರುಗು, ಗುಳ್ಳೆ ಗುಳ್ಳೆ ಡೀಸೆಲ್ ಬರ್ತದೆ, ಗುಳ್ಳೆ ನಿಂತು ಎಳೆ ಹಾಗೆ ಬಂದಾಗ ಪಂಪ್ ಒತ್ತಿದಲ್ಲೇ ಹಿಡಿದು ಸ್ಕ್ರೂ ಟೈಟ್ ಮಾಡಿ. ಆಮೇಲೆ ದೊಡ್ಡ ಪಂಪಿನ (ಇಂಜೆಕ್ಟರುಗಳಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್) ಮೇಲಿನ ಸ್ಕ್ರೂಗೂ ಹಾಗೆಯೇ. ಆದ್ರೂ ಹಿಡೀದಿದ್ರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಹತ್ರ ಪೈಪಿನ ನಟ್ ಅರ್ಧ ಸುತ್ತು ಲೂಸ್ ಮಾಡಿ ಸೆಲ್ಫ್ ಹೊಡೀರಿ, ಅಲ್ಲಿ ಡೀಸೆಲ್ ಹನಿದ ಕೂಡ್ಲೆ ಟೈಟ್. ಹೆಚ್ಚಿನ ಗಾಡಿಗೆ 17ರ ಸ್ಪ್ಯಾನರ್ ಸಾಕು.

ಈ ಕೊನೆಯ ಕೆಲಸ ಹಳೆ ಪಂಪಿನ ಗಾಡಿಗೆ ಮಾತ್ರ. ಸಿಆರ್‌ಡಿಐಯಲ್ಲಿ ರೈಲಿನ (ಎಲ್ಲ ಇಂಜೆಕ್ಟರಿಗೆ ಡೀಸೆಲ್ ಹಂಚುವ ದಪ್ಪ ಕೊಳವೆ) ಪೈಪ್ ಸುದ್ದಿಗೇ ಹೋಗ್ಬೇಡಿ, ಸಾವಿರ ಬಾರ್‌ಗಿಂತ ಮೇಲೆ ಪ್ರೆಷರ್ ಇರ್ತದೆ, ಸೂಜಿಯಷ್ಟು ಸಪೂರದ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗ್ತದೆ.

ಒಮ್ಮೆ ಏರ್ ತೆಗೆದು ಎರಡು ದಿನ ಬಿಟ್ಟು ಮತ್ತೆ ಹಿಡಿದ್ರೆ ಎಲ್ಲೋ ಎಳೀತಾ ಉಂಟು ಅಂತ ಲೆಕ್ಕ. ಟ್ಯಾಂಕಿನಿಂದ ಫೀಡ್ ಪಂಪ್ (ಟ್ಯಾಂಕಿನ ಡೀಸೆಲ್ ಎಳೆಯುವ ಸಣ್ಣ ಪಂಪ್) ತನಕ ಡೀಸೆಲ್ ಬರೋದು ಎಳೆತದಲ್ಲಿ, ಹಾಗಾಗಿ ಅಲ್ಲಿ ರಬ್ಬರ್ ಪೈಪ್ ಸೀಳಿದ್ರೆ ಹೊರಗೆ ಒಂದು ಹನಿಯೂ ಸೋರೋದಿಲ್ಲ, ಗಾಳಿ ಮಾತ್ರ ಒಳಗೆ ಹೋಗ್ತದೆ. ಪೈಪ್ ಬಗ್ಗಿಸಿ ನೋಡಿ ಬಿರುಕು ಉಂಟಾ ಅಂತ, ಪೈಪಿನ ತುದಿ ಹಿಡಿದಿಡುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಬದಲಾಯಿಸಿ, ನಾಲ್ಕು ಕಾಸಿನ ಸಾಮಾನು.

ಅರ್ಧ ಗಂಟೆ ಓಡಿ ನಿಲ್ತದೆ, ಸ್ವಲ್ಪ ಹೊತ್ತು ಬಿಟ್ಟು ಹೊಡೆದ್ರೆ ಮತ್ತೆ ಓಡ್ತದೆ. ಇದೆಂತ ಭೂತ ಮಾರಾಯ್ರೆ?

ಈ ಭೂತ ನನ್ನನ್ನು ಮೂರು ವಾರ ಕಾಡಿದೆ. ಬೆಳಗ್ಗಿನ ಜಾವ ಮಲ್ಪೆಯಿಂದ ಬಂಗುಡೆ ಲೋಡ್ ಮಾಡಿ ಹೊರಟ್ರೆ ಸರಿಯಾಗಿ ಕಟಪಾಡಿ ದಾಟುವಾಗ ಜರ್ಕ್, ಕಾಪು ಮುಟ್ಟುವಾಗ ಬಂದ್. ಹಿಂದೆ ಕ್ರೇಟಿನಿಂದ ಐಸ್ ನೀರು ಟಪಟಪ ಬೀಳ್ತಾ ಉಂಟು, ಮಂಗಳೂರಲ್ಲಿ ಪಾರ್ಟಿ ಫೋನ್ ಮೇಲೆ ಫೋನ್. ಹತ್ತು ನಿಮಿಷ ಬಿಟ್ರೆ ಏನೂ ಆಗದವನ ಹಾಗೆ ಸ್ಟಾರ್ಟ್. ಫಿಲ್ಟರ್ ಬದಲಾಯ್ಸಿದೆ, ಫೀಡ್ ಪಂಪ್ ಬದಲಾಯ್ಸಿದೆ, ಒಬ್ಬ ಮೆಕ್ಯಾನಿಕ್ ದೊಡ್ಡ ಪಂಪ್ ಬಿಚ್ಚಿ ಕಳಿಸುವ ಅಂತ ಹೇಳಿಯೂ ಆಯ್ತು. ಕೊನೆಗೆ ಒಂದು ದಿನ ನಿಂತಲ್ಲೇ ಡೀಸೆಲ್ ಉಂಟಾ ನೋಡ್ಲಿಕ್ಕೆ ಟ್ಯಾಂಕಿನ ಮುಚ್ಚಳ ತಿರುಗಿಸಿದೆ, "ಶ್ಶ್ಶ್" ಅಂತ ಉದ್ದ ಉಸಿರು ಎಳೆಯಿತು ನೋಡಿ ಟ್ಯಾಂಕ್! ಹಳೆ ಮುಚ್ಚಳ ಕಳೆದುಹೋಗಿ ನಾನೇ ಅಂಗಡಿಯಿಂದ ತಂದು ಹಾಕಿದ್ದು ಗಾಳಿ ಹೋಗುವ ತೂತೇ ಇಲ್ಲದ ಮುಚ್ಚಳ. ಡೀಸೆಲ್ ಖಾಲಿ ಆದ ಜಾಗಕ್ಕೆ ಗಾಳಿ ಬರ್ಬೇಕಲ್ಲ, ಬರ್ಲಿಕ್ಕೆ ದಾರಿ ಇಲ್ಲ, ಪಂಪ್ ಎಳೆದು ಎಳೆದು ಸೋತದ್ದು. ನಿಂತು ಹತ್ತು ನಿಮಿಷದಲ್ಲಿ ಹೇಗೋ ಸ್ವಲ್ಪ ಗಾಳಿ ನುಸುಳ್ತಿತ್ತು, ಮತ್ತೆ ಓಡ್ತಿತ್ತು. ಬಯ್ಯಲಿಕ್ಕೆ ನನ್ನನ್ನು ಬಿಟ್ಟು ಬೇರೆ ಯಾರೂ ಇರ್ಲಿಲ್ಲ.

ಹಾಗಾಗಿ ನಿಮ್ಮದೂ ಹೀಗೆ ಆದ್ರೆ ನಿಂತ ಕೂಡ್ಲೆ ಮುಚ್ಚಳ ತೆಗೆದು ಕೇಳಿ. ಶಬ್ದ ಇಲ್ಲದಿದ್ರೆ ಟ್ಯಾಂಕಿನೊಳಗಿನ ಜಾಲರಿಗೆ ಕಸ ಕೂತಿರಬಹುದು, ಎಳೆತಕ್ಕೆ ಅಂಟಿಕೊಳ್ತದೆ, ಬಂದ್ ಆದ್ರೆ ಬಿಟ್ಟು ಬೀಳ್ತದೆ. ಖಾತ್ರಿ ಮಾಡ್ಲಿಕ್ಕೆ ಐದು ಲೀಟರ್ ಕ್ಯಾನಿನಲ್ಲಿ ಹೊಸ ಡೀಸೆಲ್ ಹಾಕಿ, ಎಳೆಯುವ ಪೈಪ್ ಮತ್ತೆ ರಿಟರ್ನ್ ಪೈಪ್ ಎರಡನ್ನೂ ಅದಕ್ಕೆ ಇಳಿಸಿ ಕ್ಯಾನ್ ಅಲುಗದ ಹಾಗೆ ಕಟ್ಟಿ ಓಡಿಸಿ. ಕ್ಯಾನಿನಲ್ಲಿ ಚಂದ ಓಡಿದ್ರೆ ಕಾಯಿಲೆ ಟ್ಯಾಂಕಿನ ಕಡೆಯದ್ದು, ಪಂಪ್ ಬಿಚ್ಚುವ ಖರ್ಚು ಉಳಿಯಿತು.

ಸಿಆರ್‌ಡಿಐಯಲ್ಲಿ ಇದೇ ಲಕ್ಷಣಕ್ಕೆ ಇನ್ನೊಂದು ಕಾರಣ ಉಂಟು, ಕ್ರ್ಯಾಂಕ್ ಸೆನ್ಸರ್ ಬಿಸಿ ಆದಾಗ ಕೈ ಕೊಟ್ಟು ತಣ್ಣಗಾದಾಗ ಸರಿ ಆಗೋದು. ಅದರಲ್ಲಿ ಜರ್ಕ್ ಇರೋದಿಲ್ಲ, ಟಪ್ ಅಂತ ನಿಲ್ತದೆ.

## ಮಳೆ, ನೀರು, ಬಿಸಿ

ಡೀಸೆಲ್‌ನಲ್ಲಿ ನೀರು ಸೇರಿದೆ ಅಂತ ಹೇಗೆ ಗೊತ್ತಾಗ್ತದೆ?

ಫಿಲ್ಟರ್ ಅಡಿಯ ಡ್ರೈನ್ ಸ್ಕ್ರೂ ಲೂಸ್ ಮಾಡಿ ಒಂದು ಪಾರದರ್ಶಕ ನೀರಿನ ಬಾಟ್ಲಿಗೆ ಅರ್ಧ ಇಳಿಸಿ, ಹತ್ತು ನಿಮಿಷ ಬಿಡಿ. ನೀರು ಡೀಸೆಲ್ಲಿಗಿಂತ ಭಾರ, ಅಡಿಯಲ್ಲಿ ಬೇರೆ ಪದರ ಆಗಿ ಕೂರ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಹದಿನೈದು ದಿನಕ್ಕೊಮ್ಮೆ ಇಳಿಸ್ತೇನೆ. ಎಲ್ಲರೂ ಬಂಕಿನವರಿಗೆ ಬಯ್ತಾರೆ, ಆದ್ರೆ ಅರ್ಧ ಟ್ಯಾಂಕ್ ಖಾಲಿ ಇಟ್ಟು ರಾತ್ರಿ ನಿಲ್ಲಿಸಿದ್ರೆ ನಮ್ಮ ಊರಿನ ತೇವಕ್ಕೆ ಟ್ಯಾಂಕ್ ಒಳಗೇ ಬೆವರ್ತದೆ, ಮುಚ್ಚಳದ ರಬ್ಬರ್ ಹೋಗಿದ್ರೆ ಮಳೆ ನೀರು ನೇರವಾಗಿ ಇಳೀತದೆ.

ಕೊಟ್ಟಾರ ಚೌಕಿಯಲ್ಲಿ ನೀರಿಗೆ ಇಳಿಸಿದೆ, ಅಲ್ಲೇ ಬಂದ್ ಆಯ್ತು. ಸೆಲ್ಫ್ ಹೊಡೀಲಾ?

ಬೇಡ ಬೇಡ ಬೇಡ. ಏರ್ ಫಿಲ್ಟರ್ ಮೂಲಕ ನೀರು ಸಿಲಿಂಡರಿಗೆ ಹೋಗಿದ್ರೆ ಅದನ್ನು ಪಿಸ್ಟನ್ ಒತ್ತಿ ಸಣ್ಣದು ಮಾಡ್ಲಿಕ್ಕೆ ಆಗೋದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿ ಹೋಗ್ತದೆ. ನೂಕೋದೂ ಬೇಡ, ಗೇರಲ್ಲಿ ಎಳೆಯೋದೂ ಬೇಡ. ನ್ಯೂಟ್ರಲ್ ಮಾಡಿ ನೀರಿನಿಂದ ಹೊರಗೆ ತಂದು ಏರ್ ಫಿಲ್ಟರ್ ಬಿಚ್ಚಿ. ಒಳಗೆ ಒಣಗಿದ್ರೆ ಬದುಕಿದಿರಿ, ವಯರಿಂಗ್ ಒದ್ದೆ ಆಗಿ ನಿಂತದ್ದು. ಒದ್ದೆ ಇದ್ರೆ ಹೀಟರ್ ಪ್ಲಗ್ ಇಲ್ಲವೇ ಇಂಜೆಕ್ಟರ್ ತೆಗೆಸಿ, ತೂತು ತೆರೆದೇ ಇಟ್ಟು ಇಂಜಿನ್ ತಿರುಗಿಸಿ ನೀರು ಹೊರಗೆ ಹಾಕಿಸ್ಬೇಕು, ಆಯಿಲ್ ಬದಲಾಯಿಸ್ಬೇಕು. ಪಡೀಲ್ ಅಂಡರ್‌ಪಾಸ್, ಪಂಪ್‌ವೆಲ್ ಕಡೆ ಜೋರು ಮಳೆಗೆ ಅರ್ಧ ಗಂಟೆ ಕಾದ್ರೆ ಹೋಗೋದೆಂತ? ಆದ್ರೆ ಹಿಂದಿನವ ಹಾರ್ನ್ ಹಾಕ್ತಾನೆ, ನಾವು ಇಳಿಸ್ತೇವೆ.

ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಸೀದಾ ಮೇಲೆ ಹೋಯ್ತು, ನೀರು ಹಾಕಿದ್ರೆ ಆಗ್ತದಾ?

ಕೂಡ್ಲೆ ಹಾಕ್ಬೇಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದ್ರೆ ಮುಖಕ್ಕೇ ಬರ್ತದೆ, ಮತ್ತೆ ಕಾದ ಹೆಡ್ಡಿಗೆ (ಇಂಜಿನ್ನಿನ ಮೇಲ್ಭಾಗ) ತಣ್ಣೀರು ಬಿದ್ರೆ ಬಿರುಕು. ಮುಕ್ಕಾಲು ಗಂಟೆ ಬಿಡಿ. ಅಷ್ಟರಲ್ಲಿ ನೋಡ್ಲಿಕ್ಕೆ ಇರೋದು ಬೆಲ್ಟ್. ಬೆಲ್ಟ್ ತುಂಡಾಗಿದ್ರೆ ವಾಟರ್ ಪಂಪ್ ಇಲ್ಲ, ಚಾರ್ಜ್ ಇಲ್ಲ, ಎಷ್ಟೋ ಹಳೆ ಡೀಸೆಲ್ ಗಾಡಿಯಲ್ಲಿ ಬ್ರೇಕ್ ಒತ್ತಲಿಕ್ಕೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಡೈನಮೋದ ಬೆನ್ನಿಗೇ ಇರ್ತದೆ, ಹಾಗಾಗಿ ನಾಲ್ಕು ಸಲ ಒತ್ತಿದ ಮೇಲೆ ಬ್ರೇಕೂ ಗಟ್ಟಿ. ಆಗುಂಬೆಯ 14 ತಿರುವಿನಲ್ಲಿ ಹಾಗೇ ಇಳಿಸುವ ಯೋಚನೆ ಮಾಡ್ಲೇಬೇಡಿ.

ಬೆಲ್ಟ್ ಸರಿ ಇದ್ರೆ ಹೋಸ್, ಆಮೇಲೆ ರೇಡಿಯೇಟರ್ ಮುಖ. ಕೆಂಪುಕಲ್ಲಿನ ಕೋರೆಗೆ ಹೋಗುವ ಗಾಡಿಯ ರೇಡಿಯೇಟರ್ ಸಂದಿಯಲ್ಲಿ ಕೆಂಪು ಧೂಳು ಸಿಮೆಂಟ್ ಹಾಗೆ ಕೂತಿರ್ತದೆ, ನೀರು ತುಂಬಿದ್ರೂ ಗಾಳಿ ಹೋಗದೆ ಕಾಯ್ತದೆ. ಒಂದು ಮೋಸ ಗೊತ್ತಿರಲಿ: ನೀರು ಪೂರ್ತಿ ಖಾಲಿ ಆದ್ರೆ ಸೆನ್ಸರ್ ಗಾಳಿಯಲ್ಲಿ ನೇತಾಡ್ತದೆ, ಮುಳ್ಳು ಕೆಳಗೆ ಬರ್ತದೆ. ನಾವು ಓ ತಣ್ಣಗಾಯ್ತು ಅಂತ ಹತ್ತಿಸ್ತಾ ಹೋಗೋದು. ಮತ್ತೆ ಸಮುದ್ರದ ಹತ್ತಿರದ ಉಪ್ಪು ಬಾವಿ ನೀರು ರೇಡಿಯೇಟರಿಗೆ ಹಾಕ್ಬೇಡಿ, ಕೂಲೆಂಟ್ ಹಾಕಿ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಾರೆ, ನಂಬೋದು ಹೇಗೆ?

ಗ್ಯಾಸ್ಕೆಟ್ ಅಂದ್ರೆ ಹೆಡ್ ಮತ್ತೆ ಇಂಜಿನ್ ಬ್ಲಾಕಿನ ನಡುವಿನ ಸೀಲ್. ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಒಂದೇ ಸಮನೆ ಗುಳ್ಳೆ ಬರ್ತಾ ಇದ್ರೆ, ಅಥವಾ ಮುಚ್ಚಳ ಹಾಕಿದ ಎರಡೇ ನಿಮಿಷದಲ್ಲಿ ಮೇಲಿನ ಹೋಸ್ ಕಲ್ಲಿನ ಹಾಗೆ ಆದ್ರೆ ನಂಬಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಚಾ ಬಣ್ಣ ಇದ್ರೂ ನಂಬಿ. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಬಿಳಿ ಲೋಳೆ ಇದ್ರೆ ಹೆದರ್ಬೇಡಿ, ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಿಸುವ ಗಾಡಿಗೆ ಅದು ಬರೋದುಂಟು.

## ಹೊಗೆ, ಪವರ್, ಶಬ್ದ

ನಿನ್ನೆ ತನಕ ಸರಿ ಇತ್ತು, ಇವತ್ತು ಎಳೆಯೋದೇ ಇಲ್ಲ, ಹಿಂದೆ ಕಪ್ಪು ಹೊಗೆ

ಕಪ್ಪು ಅಂದ್ರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗ್ತಾ ಇಲ್ಲ. ನಿಧಾನವಾಗಿ ಬಂದದ್ದಾದ್ರೆ ಇಂಜೆಕ್ಟರ್ ಅನ್ನಬಹುದಿತ್ತು, ಒಂದೇ ದಿನದಲ್ಲಿ ಬಂದ್ರೆ ಟರ್ಬೋದಿಂದ (ಇಂಜಿನಿಗೆ ಗಾಳಿ ಒತ್ತಿ ತುಂಬುವಂಥದ್ದು) ಆ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರಿಗೆ ಹೋಗುವ ಹೋಸ್ ನೋಡಿ. ಲೋಡಲ್ಲಿ ಆಕ್ಸಿಲರೇಟರ್ ಒತ್ತುವಾಗ "ಹಿಸ್ಸ್" ಕೇಳ್ತದೆ, ಸೀಳಿದ ಜಾಗದಲ್ಲಿ ಆಯಿಲ್ ಧೂಳು ಅಂಟಿ ಕಪ್ಪಾಗಿರ್ತದೆ. ಹೆಚ್ಚಾಗಿ ಅಡಿ ಬದಿಯಲ್ಲಿ ಸೀಳೋದು, ಕೈ ಹಾಕಿ ತಡವಿ ನೋಡ್ಬೇಕು. ಆಮೇಲೆ ಏರ್ ಫಿಲ್ಟರ್. ನಮ್ಮ ನೆರೆಮನೆಯವರ ಗಾಡಿಯ ಫಿಲ್ಟರ್ ಡಬ್ಬಿ ತೆಗೆದಾಗ ಒಂದು ಬೊಗಸೆ ತೆಂಗಿನ ನಾರು, ಅದರಲ್ಲಿ ನಾಲ್ಕು ಇಲಿಮರಿ!

ಬಿಳಿ ಹೊಗೆ, ನೀಲಿ ಹೊಗೆ ಅಂದ್ರೆ?

ನೀಲಿ ಅಂದ್ರೆ ಆಯಿಲ್ ಉರೀತಾ ಉಂಟು. ಬಿಳಿಗೆ ಮೂಗು ಬೇಕು: ಕಣ್ಣು ಉರಿದು ಹಸಿ ಡೀಸೆಲ್ ವಾಸನೆ ಬಂದ್ರೆ ಉರಿಯದ ಡೀಸೆಲ್, ಸ್ವಲ್ಪ ಸಿಹಿ ವಾಸನೆ ಬಂದು ಕೂಲೆಂಟ್ ಕಮ್ಮಿ ಆಗ್ತಾ ಇದ್ರೆ ನೀರು ಒಳಗೆ ಹೋಗ್ತಾ ಉಂಟು.

ಆಯಿಲ್ ಲೈಟ್ ಒಮ್ಮೆ ಹತ್ತಿ ಆರಿತು, ಮನೆ ತನಕ ಓಡಿಸ್ಲಾ?

ಇಲ್ಲ. ಅಲ್ಲೇ ಬಂದ್ ಮಾಡಿ ಡಿಪ್‌ಸ್ಟಿಕ್ ನೋಡಿ. ಕಮ್ಮಿ ಇದ್ರೆ ಹಾಕಿ, ಎಲ್ಲಿ ಹೋಯ್ತು ಅಂತ ಹುಡುಕಿ. ಲೆವೆಲ್ ಸರಿ ಇದ್ದೂ ಲೈಟ್ ಬಂದ್ರೆ ಮೆಕ್ಯಾನಿಕ್ ಹತ್ರ ಸೆನ್ಸರ್ ತೆಗೆಸಿ ಗೇಜ್ ಹಾಕಿಸಿ ಪ್ರೆಷರ್ ನೋಡಿಸಿ, ಬರೇ ಸೆನ್ಸರ್ ಬದಲಾಯಿಸಿ ನೆಮ್ಮದಿ ಮಾಡ್ಕೊಳ್ಬೇಡಿ. ಲೆವೆಲ್ ಇದ್ದದ್ದಕ್ಕಿಂತ ಜಾಸ್ತಿ ಆಗಿ ಡೀಸೆಲ್ ವಾಸನೆ ಇದ್ರೆ ಅದು ಇನ್ನೂ ಕೆಟ್ಟದ್ದು, ಎಲ್ಲಿಂದಲೋ ಡೀಸೆಲ್ ಸೋರಿ ಆಯಿಲ್ ತೆಳ್ಳಗಾಗ್ತಾ ಉಂಟು.

ಕೀ ತೆಗೆದ್ರೂ ಇಂಜಿನ್ ನಿಲ್ತಾ ಇಲ್ಲ, ತನ್ನಷ್ಟಕ್ಕೆ ರೇಸ್ ಆಗ್ತಾ ಉಂಟು!!

ಇದು ಅಪರೂಪ, ಆದ್ರೆ ಆದಾಗ ಯೋಚನೆ ಮಾಡ್ಲಿಕ್ಕೆ ಸಮಯ ಇರೋದಿಲ್ಲ. ಟರ್ಬೋ ಸೀಲ್ ಹೋಗಿ ಆಯಿಲ್ ಇನ್ಲೆಟ್ಟಿಗೆ ಹೋದ್ರೆ ಇಂಜಿನ್ ತನ್ನ ಆಯಿಲನ್ನೇ ಕುಡಿದು ಓಡ್ತದೆ, ಡೀಸೆಲ್ ಕಟ್ ಮಾಡಿ ಪ್ರಯೋಜನ ಇಲ್ಲ. ಟಾಪ್ ಗೇರ್ ಹಾಕಿ, ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಕ್ಲಚ್ ಬಿಡಿ, ಉಸಿರು ಕಟ್ಟಿ ನಿಲ್ತದೆ. ಮುಂದೆ ಜನ ಇರ್ಬಾರ್ದು. ಇಲ್ಲದಿದ್ರೆ ಗಾಳಿ ಎಳೆಯುವ ಬಾಯಿಗೆ ಹಲಗೆ ತುಂಡು ಅಡ್ಡ ಒತ್ತಿ. ಕೈ ಇಡ್ಬೇಡಿ, ಬಟ್ಟೆಯೂ ಬೇಡ, ಎಳ್ಕೊಂಡು ಬಿಡ್ತದೆ. ಹೊಗೆ ಮತ್ತೆ ಶಬ್ದ ಜೋರಾಗಿ ಹತ್ರ ಹೋಗ್ಲಿಕ್ಕೆ ಹೆದರಿಕೆ ಆದ್ರೆ ಹೋಗಲೇಬೇಡಿ, ದೂರ ನಿಲ್ಲಿ, ಇಂಜಿನ್ ಹೋದ್ರೆ ಹೋಗ್ಲಿ.

## ಸ್ವಲ್ಪ ಒಳಗೆ ಇಳಿದವರಿಗೆ

ಒಂದು ಸಿಲಿಂಡರ್ ಕೆಲಸ ಮಾಡ್ತಿಲ್ಲ ಅನಿಸ್ತದೆ, ಯಾವುದು ಅಂತ ಹೇಗೆ ಹಿಡಿಯೋದು?

ಹಳೆ ಪಂಪಿನ ಗಾಡಿ ಆದ್ರೆ ಐಡ್ಲಿಂಗಲ್ಲಿ ಇಟ್ಟು, ಕನ್ನಡಕ ಗ್ಲೌಸ್ ಹಾಕಿ, ಪೈಪಿನ ಮೇಲೆ ದಪ್ಪ ಬಟ್ಟೆ ಮುಚ್ಚಿ, ಇಂಜೆಕ್ಟರ್ ನಟ್ ಒಂದೊಂದಾಗಿ ಅರ್ಧ ಸುತ್ತು ಲೂಸ್ ಮಾಡಿ ಟೈಟ್ ಮಾಡಿ. ಲೂಸ್ ಮಾಡಿದಾಗ ಇಂಜಿನ್ ನಡುಗಿದ್ರೆ ಆ ಸಿಲಿಂಡರ್ ದುಡೀತಾ ಇತ್ತು. ಏನೂ ವ್ಯತ್ಯಾಸ ಆಗದ್ದು ಮೈಗಳ್ಳ. ಆ ಇಂಜೆಕ್ಟರನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿ ಇನ್ನೊಮ್ಮೆ ನೋಡಿ, ಕಾಯಿಲೆ ಇಂಜೆಕ್ಟರ್ ಹಿಂದೆ ಹೋದ್ರೆ ನೋಝಲ್ ಕೆಲಸ, ಅಲ್ಲೇ ಉಳಿದ್ರೆ ಕಂಪ್ರೆಷನ್, ವಾಲ್ವ್.

ಇಂಜಿನ್ ಇಳಿಸ್ಬೇಕು ಅಂತ ಗ್ಯಾರೇಜಿನವರು ಹೇಳ್ತಾರೆ, ಮಂಡೆ ಬಿಸಿ ಆಗಿದೆ

ಕಂಪ್ರೆಷನ್ ಗೇಜ್ ಹಾಕಿ ನೋಡಿದ್ರಾ ಅಂತ ಕೇಳಿ. ಹಾಕದೆ ಹೇಳಿದ್ರೆ ಇನ್ನೊಂದು ಕಡೆ ತೋರಿಸಿ, ಇದು ನನ್ನ ಕಟ್ಟಾ ಅಭಿಪ್ರಾಯ. ಸಿಲಿಂಡರ್ ಸಿಲಿಂಡರಿಗೆ ಎಷ್ಟು ವ್ಯತ್ಯಾಸ ಅನ್ನೋದು ಮುಖ್ಯ, ಎಲ್ಲ ಸ್ವಲ್ಪ ಸ್ವಲ್ಪ ಕಮ್ಮಿ ಇರೋದು ವಯಸ್ಸು, ಒಂದೇ ಒಂದು ಪಾತಾಳಕ್ಕೆ ಹೋಗಿದ್ರೆ ಕಾಯಿಲೆ. ಅದರಲ್ಲಿ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದಾಗ ಏರಿದ್ರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್, ಅದಕ್ಕೆ ಹೆಡ್ ಇಳಿಸಿದ್ರೆ ಸಾಕು. ಆಯಿಲ್ ಚಮಚಕ್ಕಿಂತ ಜಾಸ್ತಿ ಬೇಡ, ಡೀಸೆಲ್ ಇಂಜಿನ್ನಿನಲ್ಲಿ ಜಾಗ ತುಂಬ ಕಮ್ಮಿ.

ನಮ್ಮದು ಸಿಆರ್‌ಡಿಐ, ಸ್ಕ್ಯಾನರ್ ಹಾಕಿದ್ರೆ "ರೈಲ್ ಪ್ರೆಷರ್ ಕಮ್ಮಿ" ಅಂತ ಬರ್ತದೆ, ಪಂಪ್ ಹೋಯ್ತಾ?

ಸ್ಕ್ಯಾನರ್ ಪ್ರೆಷರ್ ಕಮ್ಮಿ ಅಂತ ಮಾತ್ರ ಹೇಳ್ತದೆ, ಯಾರು ಸೋರಿಸ್ತಾ ಇದ್ದಾರೆ ಅಂತ ಹೇಳೋದಿಲ್ಲ. ಮೊದಲು ಫಿಲ್ಟರ್ ಹೊಸದು ಹಾಕಿ, ಏರ್ ಉಂಟಾ ನೋಡಿ. ಆಮೇಲೆ ಇಂಜೆಕ್ಟರುಗಳ ಮೇಲಿನ ರಿಟರ್ನ್ ಪೈಪ್ ತೆಗೆದು, ಪ್ರತಿಯೊಂದಕ್ಕೂ ಸಪೂರ ಪೈಪ್ ಹಾಕಿ ಒಂದೇ ಅಳತೆಯ ಸಣ್ಣ ಬಾಟ್ಲಿಗಳಿಗೆ ಬಿಡ್ಬೇಕು. ಇದು ಪ್ರೆಷರ್ ಕಮ್ಮಿ ಇರುವ ಬದಿ, ರೈಲಿನ ಕಬ್ಬಿಣದ ಪೈಪಲ್ಲ, ಆದ್ರೂ ಮಾಡಿ ಗೊತ್ತಿರುವವರು ಪಕ್ಕದಲ್ಲಿ ಇರಲಿ. ಎರಡು ನಿಮಿಷ ಐಡ್ಲಿಂಗ್, ಸ್ಟಾರ್ಟೇ ಆಗದಿದ್ರೆ ಹತ್ತು ಹತ್ತು ಸೆಕೆಂಡ್ ಸೆಲ್ಫ್. ಆಮೇಲೆ ಬಾಟ್ಲಿಗಳನ್ನು ಸಾಲಾಗಿ ಇಟ್ಟು ನೋಡಿ. ಮೂರರಲ್ಲಿ ಎರಡು ಬೆರಳು ಡೀಸೆಲ್ ಉಂಟು, ಒಂದರಲ್ಲಿ ಮಾತ್ರ ಕಂಠದ ತನಕ ಬಂದಿದೆ ಅಂದ್ರೆ ಕಳ್ಳ ಆ ಇಂಜೆಕ್ಟರ್. ಎಲ್ಲದರಲ್ಲೂ ಸಮ ಇದ್ದು ಪ್ರೆಷರ್ ಏರದಿದ್ರೆ ರೈಲಿನ ವಾಲ್ವ್ ನೋಡಿಸಿ, ಅದೂ ಸರಿ ಇದ್ರೆ ಆಗ ಪಂಪ್ ಬಿಚ್ಚಿಸಿ.